ಹರಳಿನ ಎಲ್ಲೆ ಮತ್ತು ಉಕ್ಕಿನ ಹದ

ಪುಣೆ ನಗರದ ದಕ್ಷಿಣ ಭಾಗದಲ್ಲಿರುವ ಕೊಂಢವಾ ಖುರ್ದ, ಕೊಂಢವಾ ಬುದ್ರುಕ್ ಎಂಬ ಎರಡು ಹಳೆಯ ಹಳ್ಳಿಗಳು ಇಂದು ನಗರದಲ್ಲಿ ಸೇರಿಹೋಗಿವೆ. ಅಲ್ಲಿ ಬಹುಮಹಡಿ ವಸತಿಗಳು ಎದ್ದಿವೆ, ಏಳುತ್ತಲೂ ಇವೆ. ಪುಣೆಯ ಇಂತಹ ಕಟ್ಟಡಗಳ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬರುವ ಕನ್ನಡಿಗರು ಬಹಳ ಮಂದಿ. ಕೊಂಢವಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಎದುರಿನ ನಿವೇಶನದಲ್ಲಿ ಕಂಬಿ ಬಗ್ಗಿಸುತ್ತಿದ್ದ ಯಾದಗಿರಿ ಕಡೆಯ ಹಿರಿಯ ಕೆಲಸಗಾರರೊಬ್ಬರೊಡನೆ ಮಾತಿಗೆ ನಿಂತೆ. ತಪ್ಪು ಅಳತೆಗೆ ಬಾಗಿದ ಕಂಬಿಯೊಂದನ್ನು ಅವರು ನೇರಮಾಡದೆ ಬದಿಗೆ ಸರಿಸಿದರು. ಕಾರಣ ಕೇಳಿದ್ದಕ್ಕೆ, “ಒಮ್ಮಿ ಬಗ್ಗಿಸಿದ ಸಳಿ ತಿರುಗಿ ನೆಟ್ಟಗ ಮಾಡಬಾರದ್ರಿ ಸರ. ಅದು ಹಟ ಹಿಡದಿರ್ತದ, ಹದ ಹೋಗಿರ್ತದ” ಎಂದರು. ಬಳಿಕ ಕಂಬಿಗಳನ್ನು ಬಿಗಿಯುವ ಮೆತ್ತನೆಯ ತಂತಿಯ ತುಂಡೊಂದನ್ನು ನನ್ನ ಕೈಗಿತ್ತು, ಅದನ್ನು ಬಗ್ಗಿಸಿ ಮತ್ತೆ ನೇರಮಾಡಿ ನೋಡಲು ಹೇಳಿದರು. ಮೊದಲು ಬಾಗಿದ ಜಾಗ ಪೂರ್ಣವಾಗಿ ನೇರವಾಗಲಿಲ್ಲ. ಅದರ ಪಕ್ಕದ ಜಾಗ ಹೊಸದಾಗಿ ಬಾಗಿತು. ಅದೇ ಎಡೆಯಲ್ಲಿ ಹಿಂದಕ್ಕೂ ಮುಂದಕ್ಕೂ ಹಲವು ಸಲ ಬಗ್ಗಿಸಿದಾಗ ತಂತಿ ಮುರಿಯಿತು.

ಅವರ ಮಾತಿನಲ್ಲಿದ್ದ ‘ಹದ’ ಎಂಬ ಶಬ್ದ ನನ್ನನ್ನು ತಡೆದು ನಿಲ್ಲಿಸಿತು. ಮಧ್ಯಕಾಲೀನ ಪಠ್ಯವೊಂದರ ಟಿಪ್ಪಣಿಯಲ್ಲಿ, ಆಯುಧದ ಸಂದರ್ಭದಲ್ಲಿ ಬಂದ ಈ ಶಬ್ದಕ್ಕೆ ನಾನು ಹಿಂದೊಮ್ಮೆ ‘ಗಡಸುತನ’ ಎಂದು ಅರ್ಥ ಬರೆದಿದ್ದೆ. ಆದರೆ ಬಾಗಿದ ಜಾಗದಲ್ಲಿ ತಂತಿ ಗಡಸಾಗಿತ್ತು. ಹದ ಮಾತ್ರ ಹೋಗಿತ್ತು. ಹಾಗಾದರೆ ಹದವೆಂದರೆ ಗಡಸುತನವಲ್ಲ. ಈ ತಪ್ಪನ್ನು ತಿದ್ದಿಕೊಳ್ಳುವ ಪ್ರಯತ್ನದಲ್ಲಿ ಲೋಹವಿಜ್ಞಾನದ ಗ್ರಂಥಗಳನ್ನು ಓದಬೇಕಾಯಿತು, ಆ ವಿಷಯದ ಅಧ್ಯಾಪಕ ಮಿತ್ರರನ್ನು ಕೇಳಬೇಕಾಯಿತು. ಲೋಹದೊಳಗಿನ ಹರಳುಗಳ ಎಲ್ಲೆಗಳು ಅದರ ಬಾಗುವಿಕೆಯನ್ನು ಹೇಗೆ ನಿಯಂತ್ರಿಸುತ್ತವೆ ಎಂಬುದನ್ನು ವಿವರಿಸುವುದು, ಆ ವಿವರಣೆಯಿಂದ ‘ಉಕ್ಕು’, ‘ಹದ’ ಎಂಬ ಎರಡು ಕನ್ನಡ ಶಬ್ದಗಳ ಅರ್ಥ ಎಷ್ಟು ಸ್ಪಷ್ಟವಾಗುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ರಾಜ್ಯದ ಹೊರಗೆ ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರಿಗೆ ಕುಶಲಕರ್ಮಗಳ ಶಬ್ದಗಳನ್ನು ಕಮ್ಮಾರರಲ್ಲಿ, ಕಂಚುಗಾರರಲ್ಲಿ ಕೇಳಿ ತಿಳಿಯುವ ಅವಕಾಶ ಕಡಿಮೆ. ಅವರಿಗೆ ಇದು ಕಿಂಚಿತ್ತಾದರೂ ನೆರವಾದೀತೆಂದು ಭಾವಿಸಿದ್ದೇನೆ.

1. ಹರಳು ಮತ್ತು ಅದರ ಎಲ್ಲೆ

ಮೊದಲು ಪರಿಭಾಷೆಯನ್ನು ನಿಶ್ಚಯಿಸಿಕೊಳ್ಳಬೇಕು. ಪರಮಾಣುಗಳು ಕ್ರಮಬದ್ಧವಾದ ಸಾಲುಗಳಲ್ಲಿ ಜೋಡಣೆಗೊಂಡ ಘನವಸ್ತುವಿಗೆ ‘ಸ್ಫಟಿಕ’ ಎಂಬ ಹೆಸರು ಕನ್ನಡದಲ್ಲಿ ರೂಢವಾಗಿದೆ. ಲೋಹಗಳೂ ಸ್ಫಟಿಕಗಳೇ. ಆದರೆ ಒಂದು ಕಬ್ಬಿಣದ ಸಲಾಕೆ ಇಡಿಯಾಗಿ ಒಂದೇ ಸ್ಫಟಿಕವಲ್ಲ; ಅದು ಅಸಂಖ್ಯಾತ ಸಣ್ಣ ಸ್ಫಟಿಕಗಳ ಒಟ್ಟಿಲು. ಆಂಗ್ಲದಲ್ಲಿ ‘ಗ್ರೇನ್’ ಎಂದು ಕರೆಯಲಾಗುವ ಈ ಘಟಕಕ್ಕೆ ‘ಕಣ’ ಎನ್ನುವವರಿದ್ದಾರೆ. ಆದರೆ ವಿಜ್ಞಾನದ ಬರಹಗಳಲ್ಲಿ ‘ಕಣ’ ಪರಮಾಣುವಿಗಿಂತ ಕಿರಿದಾದುದಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಅದಕ್ಕೆ ಒಕ್ಕುವ ನೆಲ, ಯುದ್ಧಭೂಮಿ ಎಂಬ ಅರ್ಥಗಳೂ ಇವೆ. ಆದ್ದರಿಂದ ಇಲ್ಲಿ ‘ಹರಳು’ ಎಂಬ ದೇಶ್ಯ ಶಬ್ದವನ್ನೇ ಬಳಸಲಾಗಿದೆ. ‘ಹರಳುಗಟ್ಟು’ ಎಂಬ ಕ್ರಿಯಾಪದ ನಮ್ಮ ಅಡುಗೆಮನೆಯಲ್ಲೇ ಇದೆ.

ತುಪ್ಪವನ್ನೇ ಉದಾಹರಣೆಯಾಗಿ ನೋಡಬಹುದು. ಕಾಯಿಸಿದ ತುಪ್ಪವನ್ನು ನಿಧಾನವಾಗಿ ಆರಲು ಬಿಟ್ಟರೆ ದೊಡ್ಡ ಹರಳುಗಳು ಕಟ್ಟುತ್ತವೆ. ಬೇಗನೆ ತಣಿಸಿದರೆ ತುಪ್ಪ ನುಣುಪಾಗಿ ಗಟ್ಟಿಯಾಗುತ್ತದೆ, ಅಂದರೆ ಹರಳುಗಳು ಅತಿ ಸಣ್ಣವಾಗಿರುತ್ತವೆ. ಕರಗಿದ ಲೋಹ ಹೆಪ್ಪುಗಟ್ಟುವಾಗಲೂ ಹೀಗೆಯೇ. ಹಲವು ಎಡೆಗಳಲ್ಲಿ ಏಕಕಾಲಕ್ಕೆ ಸ್ಫಟಿಕಗಳು ಮೊಳೆಯುತ್ತವೆ. ಒಂದೊಂದರ ಪರಮಾಣುಸಾಲುಗಳೂ ಒಂದೊಂದು ದಿಕ್ಕಿಗೆ ಮುಖಮಾಡಿರುತ್ತವೆ. ಅವು ಬೆಳೆಯುತ್ತ ಬೆಳೆಯುತ್ತ ಒಂದನ್ನೊಂದು ಮುಟ್ಟಿ ನಿಲ್ಲುತ್ತವೆ. ಹೀಗೆ ಎರಡು ಹರಳುಗಳು ಸಂಧಿಸುವ ಎಡೆಯೇ ‘ಹರಳಿನ ಎಲ್ಲೆ’. ಆಂಗ್ಲದ ‘ಗ್ರೇನ್ ಬೌಂಡರಿ’. ಅದರ ದಪ್ಪ ಕೆಲವೇ ಪರಮಾಣುಗಳಷ್ಟು. ಅಲ್ಲಿ ಬೇರೆ ವಸ್ತುವೇನೂ ಇರಬೇಕಾಗಿಲ್ಲ. ಎರಡು ಕ್ರಮಗಳ ನಡುವಿನ ಹೊಂದಾಣಿಕೆಯಿಲ್ಲದ ಪಟ್ಟಿ ಅದು.

ಹರಳಿನ ಅಗಲ 25 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಭಾಗ, ಎಂದು ಹಿಡಿದರೆ ಒಂದು ಘನ ಸೆಂಟಿಮೀಟರ್ ಉಕ್ಕಿನಲ್ಲಿ ಆರು ಕೋಟಿಗೂ ಮಿಕ್ಕ ಹರಳುಗಳಿರುತ್ತವೆ. ಮುರಿದ ಲೋಹದ ಮುಖದಲ್ಲಿ ಕಾಣುವ ಕಾಳುಕಾಳಾದ ಹೊಳಪನ್ನು ನೋಡಿ ಅದರ ಗುಣ ಹೇಳುವ ಪದ್ಧತಿ ಹಳೆಯದು. ಫ್ರಾನ್ಸಿನ ರೊಮ್ಯೂರ್ 1722ರಲ್ಲೇ ಉಕ್ಕಿನ ಮುರಿದ ಮುಖಗಳನ್ನು ಗಮನಿಸಿ ಬರೆದಿದ್ದನು. 1860ರ ದಶಕದಲ್ಲಿ ಷೆಫೀಲ್ಡಿನ ಹೆನ್ರಿ ಸಾರ್ಬಿ ನುಣುಪುಗೊಳಿಸಿದ ಉಕ್ಕಿನ ಮುಖವನ್ನು ಆಮ್ಲದಿಂದ ತುಸು ಸವೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರ ಒಳರಚನೆ ನೇರವಾಗಿ ಕಂಡಿತು.

2. ಪಲ್ಲಟ: ಲೋಹ ಬಾಗುವ ಬಗೆ

ಲೋಹ ಬಾಗುವುದೆಂದರೆ ಪರಮಾಣುಗಳ ಒಂದು ಪಾತಳಿ ಇನ್ನೊಂದರ ಮೇಲೆ ಜಾರುವುದು. ಇಡೀ ಪಾತಳಿ ಒಮ್ಮೆಗೇ ಜಾರಬೇಕಾದರೆ ಎಷ್ಟು ಬಲ ಬೇಕೆಂಬುದನ್ನು 1926ರಲ್ಲಿ ರಷ್ಯದ ಯಾಕೊವ್ ಫ್ರೆಂಕೆಲ್ ಲೆಕ್ಕಹಾಕಿದನು. ಲೆಕ್ಕಕ್ಕೆ ಬಂದ ಬಲ ಅನುಭವಕ್ಕೆ ಬರುವುದಕ್ಕಿಂತ ಬಹಳ ಹೆಚ್ಚಾಗಿತ್ತು. ಶುದ್ಧ ಲೋಹದ ಒಂಟಿ ಸ್ಫಟಿಕಗಳು ಅದರ ಸಾವಿರದ ಒಂದು ಪಾಲಿಗೂ ಕಡಿಮೆ ಬಲಕ್ಕೆ ಮಣಿಯುತ್ತವೆ. ಈ ಅಂತರಕ್ಕೆ 1934ರಲ್ಲಿ ಜೆಫ್ರಿ ಟೇಲರ್, ಈಗನ್ ಒರೊವಾನ್, ಮೈಕೆಲ್ ಪೊಲಾನ್ಯಿ ಎಂಬ ಮೂವರು ಬೇರೆಬೇರೆಯಾಗಿ ಒಂದೇ ಉತ್ತರವನ್ನು ಸೂಚಿಸಿದರು. ಸ್ಫಟಿಕದಲ್ಲಿ ಅಲ್ಲಲ್ಲಿ ಪರಮಾಣುಸಾಲುಗಳು ತಪ್ಪಿ ಕುಳಿತ ಗೆರೆಗಳಿರುತ್ತವೆ. ಪಾತಳಿ ಒಮ್ಮೆಗೇ ಜಾರುವುದಿಲ್ಲ, ಆ ಗೆರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆಹೆಜ್ಜೆಯಾಗಿ ಸರಿಯುತ್ತದೆ ಎಂಬುದೇ ಆ ಉತ್ತರ. ಆಂಗ್ಲದಲ್ಲಿ ‘ಡಿಸ್‌ಲೊಕೇಶನ್’ ಎಂದು ಹೆಸರಾದ ಈ ಗೆರೆಯನ್ನು ಇಲ್ಲಿ ‘ಸ್ಥಾನಪಲ್ಲಟ’, ಸಂಕ್ಷೇಪವಾಗಿ ‘ಪಲ್ಲಟ’ ಎಂದು ಕರೆದಿದ್ದೇನೆ.

ನವಲಗುಂದದ ಜಮಖಾನೆಯೊಂದನ್ನು ನೆಲದ ಮೇಲೆ ಹಾಸಿದ್ದೇವೆ ಎಂದುಕೊಳ್ಳೋಣ. ಅದನ್ನು ನಾಲ್ಕು ಬೆರಳು ಮುಂದಕ್ಕೆ ಸರಿಸಬೇಕು. ಅಂಚು ಹಿಡಿದು ಇಡಿಯಾಗಿ ಎಳೆದರೆ ಬಹಳ ಶ್ರಮ. ಒಂದು ಅಂಚಿನಲ್ಲಿ ಸಣ್ಣ ಮಡಿಕೆ ಎಬ್ಬಿಸಿ, ಆ ಮಡಿಕೆಯನ್ನು ಕಾಲಿನಿಂದ ತಳ್ಳುತ್ತ ಇನ್ನೊಂದು ಅಂಚಿಗೆ ಮುಟ್ಟಿಸಿದರೆ ಜಮಖಾನೆ ಸುಲಭವಾಗಿ ಸರಿದಿರುತ್ತದೆ. ಪಲ್ಲಟವೆಂಬುದು ಇಂತಹ ಮಡಿಕೆ. ಲೋಹ ಬಾಗುವುದು ಮಡಿಕೆಗಳ ಚಲನೆಯಿಂದ. ಲೋಹವನ್ನು ಗಟ್ಟಿಮಾಡುವುದೆಂದರೆ ಆ ಚಲನೆಗೆ ಅಡ್ಡಿಯೊಡ್ಡುವುದು. ಮುಂದಿನ ವಿಚಾರಗಳೆಲ್ಲ ಇದರ ವಿಸ್ತರಣೆಯೆಂದೇ ಹೇಳಬಹುದು.

ಇಪ್ಪತ್ತೆರಡು ವರ್ಷಗಳ ಕಾಲ ಪಲ್ಲಟ ಬಹುಮಟ್ಟಿಗೆ ತರ್ಕದ ವಸ್ತುವಾಗಿಯೇ ಇತ್ತು. 1956ರಲ್ಲಿ ಕೇಂಬ್ರಿಜ್‌ನಲ್ಲಿ ಪೀಟರ್ ಹಿರ್ಷ್ ಮತ್ತು ಸಂಗಡಿಗರು ತೆಳುವಾದ ಅಲ್ಯೂಮಿನಿಯಂ ಹಾಳೆಯೊಳಗೆ ಪಲ್ಲಟಗಳು ಸರಿಯುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಕಾಸಿ ನಿಧಾನವಾಗಿ ಆರಿಸಿದ ಲೋಹದಲ್ಲಿ ಒಂದು ಚದರ ಸೆಂಟಿಮೀಟರನ್ನು ದಾಟುವ ಪಲ್ಲಟಗಳು ಹತ್ತು ಲಕ್ಷದಿಂದ ಹತ್ತು ಕೋಟಿಯವರೆಗೆ ಇರಬಹುದು. ಚೆನ್ನಾಗಿ ಬಡಿದ ಅಥವಾ ತಿರುಚಿದ ಲೋಹದಲ್ಲಿ ಅವು ಹತ್ತು ಸಾವಿರ ಕೋಟಿಯನ್ನೂ ಮೀರುತ್ತವೆ. ಬಾಗುವಾಗ ಅವು ಹುಟ್ಟುತ್ತವೆ, ಒಂದಕ್ಕೊಂದು ತೊಡಕಿಕೊಳ್ಳುತ್ತವೆ. ಕೊಂಢವಾದ ತಂತಿಯಲ್ಲಿ ಮೊದಲು ಬಾಗಿದ ಜಾಗವನ್ನು ಬಿಟ್ಟು ಪಕ್ಕದ ಜಾಗ ಬಾಗಿದ್ದಕ್ಕೆ ಇದೇ ಕಾರಣ. ಬಾಗಿದ ಎಡೆಯಲ್ಲಿ ಪಲ್ಲಟಗಳ ಸಂದಣಿ. ಪಕ್ಕದಲ್ಲಿ ದಾರಿ ಇನ್ನೂ ತೆರವಾಗಿತ್ತು.

3. ಎಲ್ಲೆಯ ಮುಂದೆ ಪಲ್ಲಟ

ಒಂದು ಹರಳಿನೊಳಗೆ ಸರಾಗವಾಗಿ ಸರಿಯುವ ಪಲ್ಲಟ ಎಲ್ಲೆಯನ್ನು ಮುಟ್ಟಿದಾಗ ಮೂರು ಕಾರಣಗಳಿಂದ ತಡೆಯಲ್ಪಡುತ್ತದೆ. ಮೊದಲನೆಯದು, ಆಚೆಯ ಹರಳಿನ ಜಾರು ಪಾತಳಿಗಳು ಬೇರೆ ದಿಕ್ಕಿನಲ್ಲಿವೆ. ಜಮಖಾನೆಯ ಮಡಿಕೆ ಓರೆಯಾಗಿ ಹಾಸಿದ ಬೇರೊಂದು ಜಮಖಾನೆಗೆ ದಾಟಲಾರದಂತೆ, ಪಲ್ಲಟ ತನ್ನ ದಿಕ್ಕಿನಲ್ಲೇ ಮುಂದುವರಿಯಲಾರದು. ಎರಡನೆಯದು, ಹೊರಗಿನ ಬಲ ಈಚೆಯ ಪಾತಳಿಗೆ ಅನುಕೂಲವಾಗಿದ್ದರೂ ಆಚೆಯ ಪಾತಳಿಗೆ ಅನುಕೂಲವಾಗಿರಬೇಕೆಂಬ ನಿಯಮವಿಲ್ಲ. ಮೂರನೆಯದು, ಪಲ್ಲಟ ಒಂದು ನಿಶ್ಚಿತ ಅಳತೆಯ ಮತ್ತು ದಿಕ್ಕಿನ ಜಾರುವಿಕೆಯನ್ನು ಹೊತ್ತು ತರುತ್ತದೆ. ಆಚೆಯ ಹರಳು ಸ್ವೀಕರಿಸಬಲ್ಲ ಅಳತೆ ಬೇರೆಯಾಗಿದ್ದರೆ ವ್ಯತ್ಯಾಸದ ಪಾಲು ಎಲ್ಲೆಯಲ್ಲೇ ಉಳಿಯಬೇಕಾಗುತ್ತದೆ, ಅದಕ್ಕೆ ಶಕ್ತಿ ವ್ಯಯವಾಗುತ್ತದೆ.

ತಡೆಯಲ್ಪಟ್ಟ ಪಲ್ಲಟದ ಹಿಂದೆ ಅದೇ ಪಾತಳಿಯಲ್ಲಿ ಮತ್ತೊಂದು ಬಂದು ನಿಲ್ಲುತ್ತದೆ, ಅದರ ಹಿಂದೆ ಇನ್ನೊಂದು. ಹೀಗೆ ಉಂಟಾದ ಸಾಲಿಗೆ ವಿಶೇಷವಾದ ಗುಣವಿದೆ. ಸಾಲಿನಲ್ಲಿ 20 ಪಲ್ಲಟಗಳಿದ್ದರೆ ಎಲ್ಲೆಯ ಬಳಿ ನಿಂತ ಮೊದಲನೆಯದರ ಮೇಲೆ ಬೀಳುವ ಒತ್ತಡ ಹೊರಗಿನಿಂದ ಹೇರಿದ ಒತ್ತಡದ 20 ಪಟ್ಟು. ಈ ಒತ್ತಡ ಒಂದು ಮಿತಿಯನ್ನು ಮೀರಿದಾಗ ಎಲ್ಲೆ ಮಣಿಯುತ್ತದೆ. ಆಗ ಪಲ್ಲಟ ಆಚೆಗೆ ದಾಟಬಹುದು, ಎಲ್ಲೆಯೊಳಗೆ ಲೀನವಾಗಬಹುದು, ಅಥವಾ ಆಚೆಯ ಹರಳಿನಲ್ಲಿ ಹೊಸದೊಂದು ಪಲ್ಲಟ ಹುಟ್ಟಬಹುದು. ಯಾವುದೂ ಸಾಧ್ಯವಾಗದಿದ್ದರೆ ಅಲ್ಲಿಂದ ಬಿರುಕು ಹೊರಡುತ್ತದೆ.

ಇವುಗಳಲ್ಲಿ ಯಾವುದು ಸಂಭವಿಸುತ್ತದೆ ಎಂಬುದು ಎಲ್ಲೆಯ ಸ್ವರೂಪವನ್ನು ಅವಲಂಬಿಸಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಕೊನೆಯಲ್ಲಿ ಲೀ, ರಾಬರ್ಟ್‌ಸನ್, ಬಿರ್ನ್‌ಬಾಂ ಎಂಬವರು ಲೋಹವನ್ನು ಸೂಕ್ಷ್ಮದರ್ಶಕದೊಳಗೇ ಎಳೆದು, ಪಲ್ಲಟಗಳು ಎಲ್ಲೆಯನ್ನು ದಾಟುವುದನ್ನು ವೀಕ್ಷಿಸಿದರು. ಎರಡೂ ಕಡೆಯ ಜಾರು ಪಾತಳಿಗಳು ಎಲ್ಲೆಯ ಮೇಲೆ ಎಳೆಯುವ ಗೆರೆಗಳ ನಡುವಿನ ಕೋನ ಕಿರಿದಾಗಿರುವುದು, ಆಚೆಯ ಪಾತಳಿಯ ಮೇಲೆ ಸಾಕಷ್ಟು ಒತ್ತಡವಿರುವುದು, ಎಲ್ಲೆಯಲ್ಲಿ ಉಳಿಯುವ ಶೇಷ ಕನಿಷ್ಠವಾಗಿರುವುದು – ಈ ಮೂರು ಅನುಕೂಲಗಳಿರುವ ದಾರಿಯನ್ನೇ ಪಲ್ಲಟ ಹಿಡಿಯುತ್ತದೆ ಎಂದು ಅವರು ನಿರೂಪಿಸಿದರು.

ಎಲ್ಲ ಎಲ್ಲೆಗಳೂ ಒಂದೇ ಬಗೆಯವಲ್ಲ ಎಂಬುದು ಇದರಿಂದ ಸ್ಪಷ್ಟ. ಎರಡು ಹರಳುಗಳ ದಿಕ್ಕಿನಲ್ಲಿ ಸುಮಾರು 15 ಡಿಗ್ರಿಗಿಂತ ಕಡಿಮೆ ವ್ಯತ್ಯಾಸವಿದ್ದರೆ ಆ ಎಲ್ಲೆ ಪಲ್ಲಟಗಳ ಒಂದು ಸಾಲಿನಿಂದಲೇ ಕಟ್ಟಲ್ಪಟ್ಟಿರುತ್ತದೆ. ಅದರ ತಡೆ ದುರ್ಬಲ. ವ್ಯತ್ಯಾಸ ದೊಡ್ಡದಾದಾಗ ತಡೆ ಪ್ರಬಲ. ದೊಡ್ಡ ವ್ಯತ್ಯಾಸವಿದ್ದರೂ ಕೆಲವು ವಿಶಿಷ್ಟ ಕೋನಗಳಲ್ಲಿ ಎರಡೂ ಹರಳುಗಳ ಜಾಲದ ಕೆಲವು ಬಿಂದುಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತವೆ. ಈ ಕೂಡುವಿಕೆಯ ಜ್ಯಾಮಿತಿಯನ್ನು ವ್ಯವಸ್ಥಿತವಾಗಿ ನಿರೂಪಿಸಿದ ಪ್ರಬಂಧವನ್ನು 1966ರಲ್ಲಿ ಪ್ರಕಟಿಸಿದವರು ಎಸ್. ರಂಗನಾಥನ್. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದರು. ಶಾರದಾ ಶ್ರೀನಿವಾಸನ್ ಅವರೊಡನೆ ದಕ್ಷಿಣ ಭಾರತದ ಉಕ್ಕಿನ ಇತಿಹಾಸವನ್ನು ಕುರಿತ ಗ್ರಂಥವನ್ನು 2004ರಲ್ಲಿ ಹೊರತಂದವರೂ ಅವರೇ. ಎಲ್ಲೆಯ ಜ್ಯಾಮಿತಿ, ಉಕ್ಕಿನ ಚರಿತ್ರೆ ಎರಡೂ ಒಬ್ಬರೇ ವಿದ್ವಾಂಸರ ಆಸಕ್ತಿಗಳಾಗಿದ್ದವೆಂಬುದು ನಮ್ಮ ವಿಷಯಕ್ಕೆ ಸಮರ್ಪಕವಾದ ಸಂಗತಿ.

4. ಹರಳಿನ ಗಾತ್ರ: ಲಾಭ ಮತ್ತು ಮಿತಿ

ಹರಳು ಚಿಕ್ಕದಾದಷ್ಟೂ ಅದರೊಳಗೆ ನಿಲ್ಲಬಲ್ಲ ಪಲ್ಲಟಗಳ ಸಾಲು ಕಿರಿದಾಗುತ್ತದೆ. ಸಾಲು ಕಿರಿದಾದರೆ ಎಲ್ಲೆಯ ಮೇಲೆ ಒಟ್ಟುಗೂಡುವ ಒತ್ತಡವೂ ಕಡಿಮೆ. ಹಾಗಾಗಿ ಎಲ್ಲೆಯನ್ನು ಮಣಿಸಲು ಹೊರಗಿನಿಂದ ಹೆಚ್ಚು ಬಲ ಹೇರಬೇಕಾಗುತ್ತದೆ. ಬ್ರಿಟನ್ನಿನ ಇ. ಒ. ಹಾಲ್ 1951ರಲ್ಲಿಯೂ ಎನ್. ಜೆ. ಪೆಚ್ 1953ರಲ್ಲಿಯೂ ಕಬ್ಬಿಣ, ಉಕ್ಕುಗಳ ಮೇಲೆ ನಡೆಸಿದ ಅಧ್ಯಯನಗಳಿಂದ ಇದಕ್ಕೆ ಗಣಿತರೂಪ ದೊರಕಿತು. ಲೋಹ ಶಾಶ್ವತವಾಗಿ ಬಾಗತೊಡಗುವ ಒತ್ತಡದಲ್ಲಿ ಎರಡು ಪಾಲುಗಳಿವೆ. ಒಂದು, ಹರಳಿನ ಒಳಗೇ ಇರುವ ತಡೆ. ಇನ್ನೊಂದು, ಎಲ್ಲೆಗಳ ತಡೆ. ಇದು ಹರಳಿನ ಅಗಲದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಅಂದರೆ ಹರಳಿನ ಅಗಲ ನಾಲ್ಕನೆಯ ಒಂದು ಪಾಲಾದರೆ ಎಲ್ಲೆಗಳ ತಡೆ ಇಮ್ಮಡಿಯಾಗುತ್ತದೆ.

ಮೆದು ಉಕ್ಕಿನ ಒಂದು ಸ್ಥೂಲ ಲೆಕ್ಕ ಕೊಡಬಹುದು. ಹರಳಿನೊಳಗಿನ ತಡೆಯನ್ನು ಸುಮಾರು 70 ಮೆಗಾಪಾಸ್ಕಲ್ ಎಂದು ಹಿಡಿಯೋಣ. ಹರಳಿನ ಅಗಲ 100 ಮೈಕ್ರೊಮೀಟರ್ ಇದ್ದಾಗ ಎಲ್ಲೆಗಳ ಪಾಲು ಇನ್ನೊಂದು 70, ಒಟ್ಟು 140. ಅಗಲ 25ಕ್ಕಿಳಿದರೆ ಎಲ್ಲೆಗಳ ಪಾಲು 140, ಒಟ್ಟು 210. ಅಗಲ 4ಕ್ಕಿಳಿದರೆ ಎಲ್ಲೆಗಳ ಪಾಲು 350, ಒಟ್ಟು 420. ಉಕ್ಕಿಗೆ ಹೊಸದಾಗಿ ಏನನ್ನೂ ಬೆರೆಸದೆ, ಹರಳನ್ನು ಕಿರಿದುಮಾಡಿದ ಮಾತ್ರಕ್ಕೆ ಬಲ ಮೂರು ಪಟ್ಟಾಯಿತು. ಇಲ್ಲಿ ಇನ್ನೊಂದು ವಿಶೇಷವನ್ನು ಗಮನಿಸಬೇಕು. ಬಡಿದು, ತಿರುಚಿ ಗಟ್ಟಿಮಾಡಿದಾಗ ಉಕ್ಕು ಬಲ ಪಡೆದು ಬಾಗುವ ಗುಣ ಕಳೆದುಕೊಳ್ಳುತ್ತದೆ. ಹರಳನ್ನು ಕಿರಿದುಮಾಡಿದಾಗ ಬಲದೊಡನೆ ಬಿರುಕನ್ನು ತಡೆಯುವ ಗುಣವೂ ಹೆಚ್ಚುತ್ತದೆ.

ಹಾಗಾದರೆ ಹರಳನ್ನು ಎಷ್ಟು ಕಿರಿದುಮಾಡಿದರೆ ಅಷ್ಟು ಒಳ್ಳೆಯದೆ? ಅಲ್ಲ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಅತುಲ್ ಚೋಕ್ಷಿ 1989ರಲ್ಲಿ ಮೂವರು ಸಹಲೇಖಕರೊಡನೆ ಪ್ರಕಟಿಸಿದ ಪ್ರಬಂಧ ಈ ಪ್ರಶ್ನೆಯನ್ನು ಎತ್ತಿತು. ಕೆಲವೇ ನ್ಯಾನೊಮೀಟರ್ ಅಗಲದ ಹರಳುಗಳುಳ್ಳ ತಾಮ್ರ ಮತ್ತು ಪಲೇಡಿಯಂಗಳಲ್ಲಿ ಹರಳು ಕಿರಿದಾದಂತೆ ಲೋಹ ಗಟ್ಟಿಯಾಗುವ ಬದಲು ಮೆದುವಾಯಿತೆಂದು ಅವರು ತೋರಿಸಿದರು. ಮಾದರಿಗಳಲ್ಲಿನ ಸೂಕ್ಷ್ಮರಂಧ್ರಗಳೇ ಇದಕ್ಕೆ ಕಾರಣವಿರಬಹುದೆಂಬ ವಾದ ನಡೆಯಿತು. ಆದರೆ 1998ರಲ್ಲಿ ಪ್ರಕಟವಾದ ಗಣಕಯಂತ್ರದ ಅನುಕರಣೆಗಳು, ಅತಿ ಕಿರಿದಾದ ಹರಳುಗಳಲ್ಲಿ ಇಂತಹ ಮೆದುವಾಗುವಿಕೆ ನಿಜವಾಗಿಯೂ ಇದೆಯೆಂಬುದನ್ನು ಸಮರ್ಥಿಸಿದವು. ಸುಮಾರು 10ರಿಂದ 20 ನ್ಯಾನೊಮೀಟರ್‌ಗಿಂತ ಕೆಳಗೆ ಹರಳಿನೊಳಗೆ ಪಲ್ಲಟಗಳ ಸಾಲಿಗೆ ಜಾಗವೇ ಇರುವುದಿಲ್ಲ. ಪರಮಾಣುಗಳಲ್ಲಿ ದೊಡ್ಡ ಪಾಲು ಎಲ್ಲೆಗಳಲ್ಲೇ ಇರುತ್ತದೆ. ಹರಳುಗಳೇ ಎಲ್ಲೆಯುದ್ದಕ್ಕೂ ಜಾರತೊಡಗುತ್ತವೆ. ತಡೆಯಾಗಿದ್ದುದೇ ದಾರಿಯಾಗುತ್ತದೆ.

ಶಾಖ ಹೆಚ್ಚಾದಾಗಲೂ ಹೀಗೆಯೇ. ಕೆಂಪಗೆ ಕಾದ ಲೋಹದಲ್ಲಿ ಎಲ್ಲೆಯ ಪರಮಾಣುಗಳು ಚಂಚಲವಾಗುತ್ತವೆ, ಹರಳುಗಳು ಮೆಲ್ಲಮೆಲ್ಲನೆ ಜಾರುತ್ತವೆ, ಲೋಹ ಕಾಲಕ್ರಮೇಣ ನೀಳವಾಗುತ್ತ ಹೋಗುತ್ತದೆ. ವಿಮಾನದ ಎಂಜಿನ್ನಿನೊಳಗೆ ಬೆಂಕಿಗಾಳಿಯ ನಡುವೆ ತಿರುಗುವ ಅಲಗುಗಳಿಗೆ ಇದು ಮಾರಕ. ಆದ್ದರಿಂದ ಅಂತಹ ಅಲಗುಗಳನ್ನು ಎಲ್ಲೆಯೇ ಇಲ್ಲದಂತೆ, ಇಡಿಯಾಗಿ ಒಂದೇ ಸ್ಫಟಿಕವಾಗಿ ಎರಕ ಹೊಯ್ಯುತ್ತಾರೆ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ ತಯಾರಿಸಿದ ಇಂತಹ 60 ಅಲಗುಗಳನ್ನು ಹೆಲಿಕಾಪ್ಟರ್ ಎಂಜಿನ್ನಿಗಾಗಿ ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಗೆ ಒಪ್ಪಿಸಿದ ವಾರ್ತೆ 2021ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಕಟ್ಟಡದ ಕಂಬಿಗೆ ಬಲವಾದುದು ಎಂಜಿನ್ನಿನ ಅಲಗಿಗೆ ದೌರ್ಬಲ್ಯ.

5. ಎಲ್ಲೆಯ ಮೇಲೆ ಕೂತ ವಸ್ತು: ಕರ್ನಾಟಕದ ಉಕ್ಕು

ಇಲ್ಲಿಯವರೆಗೆ ಎಲ್ಲೆಯನ್ನು ಶುದ್ಧವೆಂದು ಭಾವಿಸಲಾಯಿತು. ಆದರೆ ಕ್ರಮ ತಪ್ಪಿದ ಎಡೆಯಾದುದರಿಂದ ಲೋಹದಲ್ಲಿ ಬೆರೆತ ಅನ್ಯದ್ರವ್ಯಗಳು ಅಲ್ಲಿಗೇ ಬಂದು ಸೇರುತ್ತವೆ. ಇದರ ಪರಿಣಾಮವನ್ನು ತಿಳಿಯಲು ಕರ್ನಾಟಕದ ಮೂಸೆಯ ಉಕ್ಕಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹಳಗನ್ನಡದಲ್ಲಿ ‘ಉರ್ಕು’, ಬಳಿಕ ‘ಉಕ್ಕು’. ತಮಿಳು, ಮಲಯಾಳಂಗಳಲ್ಲಿ ‘ಉರುಕ್ಕು’. ಕರಗುವುದೆಂಬ ಅರ್ಥದ ದ್ರಾವಿಡ ಧಾತುವಿನೊಡನೆ ಇದಕ್ಕೆ ಸಂಬಂಧವಿದೆ. ಸಾಮಾನ್ಯ ಕಬ್ಬಿಣವನ್ನು ಕುಲುಮೆಯಲ್ಲಿ ಕರಗಿಸದೆಯೇ ಪಡೆಯುತ್ತಿದ್ದರು. ಈ ಉಕ್ಕನ್ನು ಮಾತ್ರ ಮುಚ್ಚಿದ ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ಸಸ್ಯದ್ರವ್ಯವನ್ನಿಟ್ಟು, ಇಂಗಾಲ ಕೂಡುವಂತೆ ಕಾಸಿ ಕರಗಿಸುತ್ತಿದ್ದರು. 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ವಿಧಾನವನ್ನು ಕಂಡು ಬರೆದಿದ್ದಾನೆ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಇಂತಹ ಮೂಸೆಗಳ ಅವಶೇಷಗಳು ದೊರೆತಿವೆ. ಅವುಗಳ ವೈಜ್ಞಾನಿಕ ಪರೀಕ್ಷೆಯ ವಿವರಗಳು 1999ರಲ್ಲಿ ಪ್ರಕಟವಾಗಿವೆ.

ಈ ಲೋಹದ ಹೆಸರು ಯೂರೋಪನ್ನು ತಲುಪಿದ್ದು ಮುಂಬಯಿಯ ಮೂಲಕ. ಅಲ್ಲಿ ವೈದ್ಯನಾಗಿದ್ದ ಹೆಲೆನಸ್ ಸ್ಕಾಟ್ 1794ರಲ್ಲಿ ಲಂಡನ್ನಿನ ಜೋಸೆಫ್ ಬ್ಯಾಂಕ್ಸನಿಗೆ ಮಾದರಿಗಳನ್ನು ಕಳುಹಿಸಿದನು. ಅವುಗಳನ್ನು ಪರೀಕ್ಷಿಸಿದ ಜಾರ್ಜ್ ಪಿಯರ್ಸನ್ 1795ರ ತನ್ನ ಪ್ರಬಂಧದಲ್ಲಿ ಇದನ್ನು ಮುಂಬಯಿಯಲ್ಲಿ ತಯಾರಾಗುವ, ಅಲ್ಲಿ ‘ವೂಟ್ಜ್’ ಎಂದು ಕರೆಯಲ್ಪಡುವ ಉಕ್ಕೆಂದು ಹೇಳಿದನು. ಆದರೆ ಆ ಶಬ್ದ ಮರಾಠಿಯದಲ್ಲ. ಅದು ಕನ್ನಡದ ‘ಉಕ್ಕು’ ಎಂಬುದರ ತಪ್ಪಾದ ಲಿಪ್ಯಂತರವೆಂದು ನಿಘಂಟುಕಾರರು ಅಭಿಪ್ರಾಯಪಡುತ್ತಾರೆ. ವಸ್ತುವಿನೊಡನೆ ಶಬ್ದವೂ ಘಟ್ಟದ ಮೇಲಿನಿಂದ ಬಂದರಿಗೆ ಇಳಿದು, ಅಲ್ಲಿ ತನ್ನ ಊರನ್ನು ಕಳೆದುಕೊಂಡಿತೆನ್ನಬೇಕು.

ಈ ಉಕ್ಕಿನಲ್ಲಿ ಇಂಗಾಲ ಸುಮಾರು 1.5 ಪ್ರತಿಶತ, ಇಂದಿನ ಕಟ್ಟಡದ ಕಂಬಿಯಲ್ಲಿ ಅದು ಸುಮಾರು 0.3 ಪ್ರತಿಶತವನ್ನು ಮೀರದು. ಮೂಸೆ ಬಹಳ ನಿಧಾನವಾಗಿ ತಣಿಯುವುದರಿಂದ ದೊಡ್ಡ ಹರಳುಗಳು ಕಟ್ಟುತ್ತವೆ. ಹೆಚ್ಚಾದ ಇಂಗಾಲ ಕಬ್ಬಿಣದೊಡನೆ ಕೂಡಿ ಸಿಮೆಂಟೈಟ್ ಎಂಬ ಗಡುಸಾದ, ಆದರೆ ಪೆಡಸಾದ ಸಂಯುಕ್ತವಾಗಿ ಹರಳುಗಳ ಎಲ್ಲೆಯ ಮೇಲೆ ಜಾಲದಂತೆ ಹರಡಿಕೊಳ್ಳುತ್ತದೆ. ಈಗ ಎಲ್ಲೆ ಪಲ್ಲಟವನ್ನು ಪೂರ್ಣವಾಗಿ ತಡೆಯುತ್ತದೆ ನಿಜ. ಆದರೆ ಸಾಲುಗಟ್ಟಿದ ಒತ್ತಡವನ್ನು ಆಚೆಯ ಹರಳಿಗೆ ದಾಟಿಸಲಾರದು. ಜಾಲವೇ ಒಡೆಯುತ್ತದೆ. ಬಿರುಕು ಎಲ್ಲೆಯಿಂದ ಎಲ್ಲೆಗೆ ಓಡುತ್ತದೆ. ಅಂತಹ ಗಟ್ಟಿಯನ್ನು ಬಿಳಿಗಾವಿಗೆ ಕಾಸಿ ಬಡಿದರೆ ಅನ್ಯದ್ರವ್ಯಗಳು ತುಂಬಿದ ಎಲ್ಲೆಗಳು ಎಲ್ಲಕ್ಕಿಂತ ಮೊದಲು ಕರಗತೊಡಗುವುದರಿಂದ ಲೋಹ ಪುಡಿಯಾಗುತ್ತದೆ. ಕಡಿಮೆ ಇಂಗಾಲದ ಕಬ್ಬಿಣವನ್ನು ಬಿಳಿಗಾವಿನಲ್ಲಿ ಬಡಿದು ರೂಢಿಯಿದ್ದ ಯೂರೋಪಿನ ಕಮ್ಮಾರರಿಗೆ ಇದು ಒಗ್ಗದಿರಲು ಕಾರಣ ಇಲ್ಲಿದೆ.

ಇದನ್ನು ಮಣಿಸುವ ದಾರಿ ಕೆಂಗಾವಿನಲ್ಲಿ, ತಾಳ್ಮೆಯಿಂದ, ಮತ್ತೆಮತ್ತೆ ಕಾಸಿ ಬಡಿಯುವುದು. ಆ ಶಾಖದಲ್ಲಿ ಎಲ್ಲೆಯ ಜಾಲ ಕರಗುವುದಿಲ್ಲ. ತುಂಡಾಗಿ ಸಣ್ಣ ಗುಂಡುಕಾಳುಗಳಾಗಿ ಚದುರುತ್ತದೆ. ಹರಳುಗಳೂ ಕಿರಿದಾಗುತ್ತವೆ. ಬಿರುಕಿಗೆ ದಾರಿಯಾಗಿದ್ದ ದ್ರವ್ಯವೇ ಈಗ ಪಲ್ಲಟಗಳನ್ನು ಅಲ್ಲಲ್ಲಿ ತಡೆಯುವ ಬಲವಾಗುತ್ತದೆ. ಒಲೆಗ್ ಷೆರ್ಬಿ ಮತ್ತು ಜೆಫ್ರಿ ವಾಡ್ಸ್‌ವರ್ತ್ ಸ್ಟ್ಯಾನ್‌ಫರ್ಡ್‌ನಲ್ಲಿ 1970ರ ದಶಕದಲ್ಲಿ ಇಂತಹದೇ ಹೆಚ್ಚು ಇಂಗಾಲದ ಉಕ್ಕನ್ನು ಅತಿ ಸಣ್ಣ ಹರಳುಗಳಿರುವಂತೆ ಸಂಸ್ಕರಿಸಿದರು. ಅದು ತಣ್ಣಗಿದ್ದಾಗ ಗಟ್ಟಿ. ಹದವಾದ ಶಾಖದಲ್ಲಿ ಹರಿಯದೆ ತನ್ನ ಉದ್ದದ ಹಲವು ಪಟ್ಟು ಎಳೆಯಲ್ಪಡುತ್ತಿತ್ತು. ಅದು ಹಳೆಯ ದಮಾಸ್ಕಸ್ ಕತ್ತಿಗಳ ಉಕ್ಕನ್ನು ಹೋಲುತ್ತದೆಂಬುದನ್ನು ಅವರೇ ಗುರುತಿಸಿ ಬರೆದರು. ನಮ್ಮ ಕಮ್ಮಾರರಿಗೆ ಪಲ್ಲಟದ ಸಿದ್ಧಾಂತ ಗೊತ್ತಿತ್ತೆಂದು ಇದರಿಂದ ವಾದಿಸುವುದು ಸಲ್ಲದು. ಅವರಿಗೆ ಗೊತ್ತಿದ್ದುದು ಕಾವಿನ ಬಣ್ಣ, ಸುತ್ತಿಗೆಯ ದನಿ ಮತ್ತು ಮುರಿದ ಮುಖದ ಕಾಳು. ಆ ತಿಳಿವಳಿಕೆ ಅಷ್ಟರಮಟ್ಟಿಗೆ ಖಚಿತವಾಗಿತ್ತು ಎನ್ನುವುದೇ ಸಾಕಷ್ಟು ದೊಡ್ಡ ಮಾತು.

6. ಹದವೆಂದರೇನು

ಈಗ ಕೊಂಢವಾದ ಕಂಬಿಗೆ ಮರಳಬಹುದು. ಹಿಂದೆ ನಮ್ಮ ಕಟ್ಟಡಗಳಲ್ಲಿ ತಣ್ಣಗಿದ್ದಾಗಲೇ ತಿರುಚಿದ ಕಂಬಿಗಳು ಬಳಕೆಯಲ್ಲಿದ್ದವು. ಅವುಗಳ ಬಲ ಪಲ್ಲಟಗಳ ಸಂದಣಿಯಿಂದ ಬಂದದ್ದು. ಅವುಗಳ ಸ್ಥಾನಕ್ಕೆ ಬಂದಿರುವ ಟಿ.ಎಂ.ಟಿ. ಕಂಬಿಯನ್ನು ಬಿಸಿಯಾಗಿರುವಾಗಲೇ ನೀರಿನಿಂದ ಥಟ್ಟನೆ ತಣಿಸುತ್ತಾರೆ. ಹೊರಪದರ ಅತಿ ಸೂಕ್ಷ್ಮವಾದ, ಎಲ್ಲೆಗಳು ದಟ್ಟವಾದ ರಚನೆ ಪಡೆದು ಗಟ್ಟಿಯಾಗುತ್ತದೆ. ತಿರುಳು ನಿಧಾನವಾಗಿ ತಣಿದು ಬಾಗುವ ಗುಣವನ್ನು ಉಳಿಸಿಕೊಳ್ಳುತ್ತದೆ. ಕಂಬಿಯ ಮೇಲಿನ 500 ಎಂಬ ಅಂಕ, ಅದು 500 ಮೆಗಾಪಾಸ್ಕಲ್‌ವರೆಗೆ ಶಾಶ್ವತವಾಗಿ ಬಾಗದೆಂಬುದನ್ನು ಸೂಚಿಸುತ್ತದೆ. ಒಮ್ಮೆ ಬಗ್ಗಿಸಿದಾಗ ಆ ಎಡೆಯ ಹರಳುಗಳಲ್ಲಿ ಪಲ್ಲಟಗಳು ತುಂಬಿ ಎಲ್ಲೆಗಳ ಬಳಿ ಸಾಲುಗಟ್ಟುತ್ತವೆ. ಹಿಂದಕ್ಕೆ ಬಗ್ಗಿಸಿದರೆ ಅವು ಬಂದ ದಾರಿಯಲ್ಲಿ ಮರಳುವುದಿಲ್ಲ. ಹೊಸವು ಹುಟ್ಟಿ ತೊಡಕು ಹೆಚ್ಚುತ್ತದೆ, ಕಣ್ಣಿಗೆ ಕಾಣದ ಬಿರುಕು ಉಳಿಯಬಹುದು. ಬೆಂಕಿಯಲ್ಲಿ ಕಾಸಿ ನೇರಮಾಡಿದರೆ ಪಲ್ಲಟಗಳು ಅಳಿದು ಹೊಸ ಹರಳುಗಳು ಮೂಡಬಹುದು. ಆದರೆ ಹೊರಪದರಕ್ಕೆ ಬಲ ಕೊಟ್ಟ ಸೂಕ್ಷ್ಮರಚನೆಯೂ ಅಳಿಯುತ್ತದೆ. ಆ ಕಂಬಿಯ ಮೇಲೆ ನಿಲ್ಲುವ ಮನೆಯಲ್ಲಿ ಜನ ಮಲಗಬೇಕು. ಕಂಬಿಯನ್ನು ಬದಿಗೆ ಸರಿಸಿದವರ ನಿರ್ಧಾರ ಸರಿಯಾದುದೇ ಆಗಿತ್ತು.

‘ಹದ’ ಎಂಬ ಶಬ್ದವನ್ನು ಕನ್ನಡಿಗರು ಮಳೆ ಬಿದ್ದ ಹೊಲಕ್ಕೂ, ಕಲಸಿದ ಹಿಟ್ಟಿಗೂ, ಸಂಸ್ಕರಿಸಿದ ತೊಗಲಿಗೂ, ಕಾದ ಕಬ್ಬಿಣಕ್ಕೂ ಬಳಸುತ್ತಾರೆ. ಇವೆಲ್ಲವುಗಳಲ್ಲಿ ಸಮಾನವಾದುದು ಗಡಸುತನವೂ ಅಲ್ಲ, ಮೃದುತ್ವವೂ ಅಲ್ಲ; ಮುಂದಿನ ಕೆಲಸಕ್ಕೆ ತಕ್ಕ ಸ್ಥಿತಿ. ಲೋಹದ ಮಟ್ಟಿಗೆ ಆ ಸ್ಥಿತಿ ಬಹುಪಾಲು ಹರಳಿನ ಎಲ್ಲೆಗಳಿಂದ ನಿರ್ಣಯವಾಗುತ್ತದೆ: ಅವು ಎಷ್ಟಿವೆ, ಎರಡು ಬದಿಗಳು ಎಷ್ಟು ಹೊಂದುತ್ತವೆ, ಅವುಗಳ ಮೇಲೆ ಏನು ಕೂತಿದೆ, ಶಾಖ ಎಷ್ಟಿದೆ ಎಂಬುದರ ಮೇಲೆ. ತಡೆಯಬೇಕು, ಆದರೆ ಒಡೆಯುವಷ್ಟು ತಡೆಯಬಾರದು. ಗಡಿಯ ಆಚೆ ನೆಲೆಸಿರುವ ನಮ್ಮಂಥವರಿಗೆ ಇದನ್ನು ನಾಡು ನುಡಿಗಳ ಎಲ್ಲೆಗೂ ಅನ್ವಯಿಸುವ ಆಸೆಯಾಗುವುದು ಸಹಜ. ಆದರೆ ಹರಳು ಮನುಷ್ಯನಲ್ಲ. ಹೋಲಿಕೆಯನ್ನು ಅಲ್ಲಿಗೆ ಒಯ್ಯದಿರುವುದೇ ಲೇಸು.

ಸಂಶೋಧಕರು ಇಲ್ಲಿಂದ ಪಡೆಯಬಹುದಾದ ಪ್ರಯೋಜನ ಇಷ್ಟು. ಹಳೆಯ ಪಠ್ಯಗಳಲ್ಲಿ ಆಯುಧಗಳ, ಪಾತ್ರೆಗಳ, ಕುಲುಮೆಯ ಸಂದರ್ಭದಲ್ಲಿ ಬರುವ ಶಬ್ದಗಳಿಗೆ ನಿಘಂಟಿನ ಮೊದಲ ಅರ್ಥವನ್ನಷ್ಟೇ ನಂಬಿ ಟಿಪ್ಪಣಿ ಬರೆಯುವ ಮುನ್ನ ಆ ವಸ್ತು ವಾಸ್ತವವಾಗಿ ಹೇಗೆ ವರ್ತಿಸುತ್ತದೆ ಎಂದು ವಿಚಾರಿಸಬೇಕು. ಆ ಕಸುಬನ್ನು ಇಂದಿಗೂ ಮಾಡುವ, ಆ ಶಬ್ದವನ್ನು ಇಂದಿಗೂ ಆಡುವ ಕನ್ನಡಿಗರು ನಾವಿರುವ ಪರನಾಡಿನ ಬೀದಿಯಲ್ಲೇ ಸಿಗಬಹುದು. ನನ್ನ ಹಳೆಯ ಟಿಪ್ಪಣಿಯಲ್ಲಿ ‘ಗಡಸುತನ’ ಎಂಬುದನ್ನು ಹೊಡೆದು ‘ಕೆಲಸಕ್ಕೆ ತಕ್ಕ ಸ್ಥಿತಿ, ಗಟ್ಟಿಯಾಗಿದ್ದೂ ಒಡೆಯದಿರುವುದು’ ಎಂದು ತಿದ್ದಿಕೊಂಡಿದ್ದೇನೆ.